ಹರೆಯದ ಹಾಡು ಏಕೆ ಮರೆಯದು?

ಜಪಾನಿನ ಯಾವುದಾದರೊಂದು ನಗರದಲ್ಲಿ, ರಾತ್ರಿಯ ಹೊತ್ತು, ಒಂದು ಕರೋಕೆ ಮಂದಿರದ ಬಾಗಿಲಲ್ಲಿ ನಿಂತಿದ್ದೇವೆಂದು ಭಾವಿಸೋಣ. ಹಗಲೆಲ್ಲ ಕಚೇರಿಯಲ್ಲಿ ದುಡಿದು ದಣಿದ ನಾಲ್ಕಾರು ಗೆಳೆಯರು ಒಂದು ಸಣ್ಣ ಕೋಣೆಯಲ್ಲಿ ಸೇರಿರುವರು. ಅವರ ವಯಸ್ಸು ಮೂವತ್ತೈದರ ಆಸುಪಾಸು. ಯಂತ್ರದಿಂದ ವಾದ್ಯಗಳ ಧ್ವನಿ ಹೊರಡುವುದು. ಎದುರಿನ ತೆರೆಯ ಮೇಲೆ ಹಾಡಿನ ಮಾತುಗಳು ಮೂಡುವುವು. ಆದರೆ ತೆರೆಯನ್ನು ನೋಡುವ ಅಗತ್ಯ ಅವರಲ್ಲಿ ಯಾರಿಗೂ ಇಲ್ಲ. ಇಪ್ಪತ್ತು ವರ್ಷಗಳ ಹಿಂದೆ ಕಲಿತ ಹಾಡು ಒಂದಕ್ಷರವೂ ತಪ್ಪದೆ ಅವರ ನಾಲಗೆಯ ಮೇಲೆ ಬರುವುದು. ಕಳೆದ ವಾರ ಕೇಳಿದ ಹೊಸ ಹಾಡಿನ ಪಲ್ಲವಿಯಾದರೋ ನೆನಪಿಗೆ ಬಾರದು. ಇದಕ್ಕೆ ಕಾರಣವೇನು?

ಮೊದಲು ಆ ಹಾಡುಗಳಾವುವೆಂಬುದನ್ನು ತಿಳಿಯೋಣ. 1989ರಲ್ಲಿ ಹುಟ್ಟಿದ ಒಬ್ಬ ಜಪಾನೀಯನನ್ನು ತೆಗೆದುಕೊಳ್ಳಿ. ಅವನಿಗೆ ಹನ್ನೆರಡು ವರ್ಷವಾದಾಗ, ಎಂದರೆ 2001ರಲ್ಲಿ, ಚಿಬಾ ಪ್ರಾಂತದ ಬಾಲ್ಯಸ್ನೇಹಿತರು ಕಟ್ಟಿದ ‘ಬಂಪ್ ಆಫ್ ಚಿಕನ್’ ಎಂಬ ವಾದ್ಯತಂಡವು ‘ತೆಂತಾಯ್ ಕನ್ಸೊಕು’ ಎಂಬ ಹಾಡನ್ನು ಹೊರತಂದಿತು. ವಿಜ್ಞಾನದ ವಾಚಕರಿಗೆ ಈ ಹೆಸರು ಪ್ರಿಯವಾದೀತು. ಅದರ ಅರ್ಥ ‘ಆಕಾಶಕಾಯಗಳ ವೀಕ್ಷಣೆ’! ಅದೇ ವರ್ಷ ಒಕಿನಾವಾ ದ್ವೀಪದ ‘ಮಂಗೋಲ್ 800’ ತಂಡದ ‘ಮೆಸೇಜ್’ ಎಂಬ ಧ್ವನಿಮುದ್ರಿಕೆ, ದೊಡ್ಡ ಕಂಪೆನಿಗಳ ಆಸರೆಯಿಲ್ಲದೆಯೇ, ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಅವನಿಗೆ ಹದಿನೈದು ತುಂಬಿದ 2004ರಲ್ಲಿ, ಯೊಕೊಹಾಮದ ವಿಶ್ವವಿದ್ಯಾನಿಲಯವೊಂದರ ಸಂಗೀತಸಂಘದಲ್ಲಿ ಹುಟ್ಟಿದ ‘ಏಷಿಯನ್ ಕುಂಗ್‌ಫು ಜನರೇಷನ್’ ತಂಡದ ‘ರಿರೈಟ್’ ಹಾಡು ಒಂದು ಪ್ರಸಿದ್ಧ ವ್ಯಂಗ್ಯಚಿತ್ರಮಾಲೆಯ ಮೂಲಕ ಮನೆಮನೆಗೂ ಮುಟ್ಟಿತು. 2008ರಲ್ಲಿ ಹಾಡುವುದನ್ನು ನಿಲ್ಲಿಸಿದ್ದ ‘ಎಲ್ಲೆಗಾರ್ಡನ್’ ತಂಡವು ಹತ್ತು ವರ್ಷಗಳ ತರುವಾಯ, 2018ರಲ್ಲಿ, ಮತ್ತೆ ವೇದಿಕೆಯೇರಿತು.

ಈ ಹಾಡುಗಳನ್ನು ಅಂದಿನ ಹುಡುಗರು ಕೇವಲ ಕೇಳಿ ಬಿಟ್ಟವರಲ್ಲ. ಜಪಾನಿನ ಪ್ರೌಢಶಾಲೆಗಳಲ್ಲಿ ‘ಕೇಯೊನ್’ ಎಂಬ ಲಘುಸಂಗೀತದ ಸಂಘಗಳುಂಟು. ಅಲ್ಲಿ ವಿದ್ಯಾರ್ಥಿಗಳು ಗಿಟಾರ್ ಹಿಡಿದು, ಮೆಚ್ಚಿದ ತಂಡದ ಹಾಡುಗಳನ್ನು ಅಭ್ಯಾಸಮಾಡಿ, ಶಾಲೆಯ ಸಾಂಸ್ಕೃತಿಕ ಉತ್ಸವದಲ್ಲಿ ಎಲ್ಲರೆದುರು ಹಾಡುವರು. ಅಂಗಡಿಯಿಂದ ಬಾಡಿಗೆಗೆ ತಂದ ಅಡಕಮುದ್ರಿಕೆಯನ್ನು ಮನೆಯಲ್ಲಿ ಅಂಗೈಯಗಲದ ಮಿನಿಡಿಸ್ಕಿಗೆ ನಕಲುಮಾಡಿಕೊಂಡು ದಾರಿಯುದ್ದಕ್ಕೂ ಕೇಳುವುದು ಆ ಕಾಲದ ರೂಢಿಯಾಗಿತ್ತು. ಹೀಗೆ ಒಂದೊಂದು ಹಾಡೂ ಕಿವಿಗೆ, ಬೆರಳಿಗೆ, ಕಂಠಕ್ಕೆ ನೂರಾರು ಸಲ ಒಗ್ಗಿಹೋಯಿತು. ಬಲು ಸಲ ಕಂಡದ್ದನ್ನೂ ಕೇಳಿದ್ದನ್ನೂ ಮನಸ್ಸು ಮೆಚ್ಚತೊಡಗುವುದೆಂಬುದನ್ನು ರಾಬರ್ಟ್ ಜೈಯನ್ಸ್ ಎಂಬ ಮನಶ್ಶಾಸ್ತ್ರಜ್ಞನು 1968ರಲ್ಲಿ ಪ್ರಯೋಗಗಳಿಂದ ತೋರಿಸಿದನು.

ಆದರೆ ಪುನರಾವರ್ತನೆಯೊಂದೇ ಕಾರಣವಾಗಿದ್ದರೆ, ನಲವತ್ತನೆಯ ವಯಸ್ಸಿನಲ್ಲಿ ನೂರು ಸಲ ಕೇಳಿದ ಹಾಡೂ ಅಷ್ಟೇ ಆಳವಾಗಿ ಬೇರೂರಬೇಕಾಗಿತ್ತು. ಹಾಗಾಗುವುದು ವಿರಳ. ಆದುದರಿಂದ ಕೇಳಿದ ವಯಸ್ಸಿನಲ್ಲಿಯೇ ಏನೋ ವಿಶೇಷವಿರಬೇಕು.

ನಲವತ್ತು ದಾಟಿದ ಹಲವರನ್ನು ಕರೆದು, “ನಿಮ್ಮ ಜೀವನದ ನೆನಪುಗಳನ್ನು ಹೇಳಿ” ಎಂದು ಕೇಳಿ, ಪ್ರತಿಯೊಂದು ನೆನಪೂ ಯಾವ ವಯಸ್ಸಿಗೆ ಸೇರಿದ್ದೆಂದು ಗುರುತು ಹಾಕಿದರೆ ಒಂದು ವಿಚಿತ್ರವಾದ ರೇಖೆ ದೊರೆಯುವುದು. ಶೈಶವದ ನೆನಪು ಇಲ್ಲವೆನ್ನುವಷ್ಟು ಕಡಮೆ. ಹತ್ತರಿಂದ ಮೂವತ್ತರವರೆಗಿನ ವರ್ಷಗಳಲ್ಲಿ ರೇಖೆ ದಿಬ್ಬದಂತೆ ಉಬ್ಬುವುದು. ಅನಂತರ ತಗ್ಗಿ, ತೀರ ಈಚಿನ ದಿನಗಳಿಗೆ ಬಂದಾಗ ಪುನಃ ಏರುವುದು. ಈ ಉಬ್ಬನ್ನು ನಾವು ‘ನೆನಪಿನ ದಿಬ್ಬ’ವೆಂದು ಕರೆಯೋಣ. ರೂಬಿನ್, ವೆಟ್ಸ್‌ಲರ್ ಮತ್ತು ನೀಬ್ಸ್ ಎಂಬ ಅಮೆರಿಕದ ವಿದ್ವಾಂಸರು 1986ರಲ್ಲಿ ಇದನ್ನು ಸ್ಪಷ್ಟಪಡಿಸಿದರು. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಜಪಾನ್, ಚೀನ, ಬಾಂಗ್ಲಾದೇಶ, ಇಂಗ್ಲೆಂಡ್ ಮತ್ತು ಅಮೆರಿಕ ಎಂಬ ಐದು ದೇಶಗಳ ಜನರಲ್ಲಿಯೂ ಇದೇ ದಿಬ್ಬ ಕಂಡುಬಂದಿತು. ಮೂವತ್ತರ ಪ್ರಾಯದವರು ಈ ದಿಬ್ಬವನ್ನು ಈಗ ತಾನೆ ಇಳಿಯತೊಡಗಿ, ಹಿಂದಿರುಗಿ ನೋಡುತ್ತಿರುವವರು.

ಸಂಗೀತದಲ್ಲಿಯೂ ಇಂಥದೇ ಒಂದು ಉಬ್ಬು ಉಂಟು. ಹಾಲ್‌ಬ್ರೂಕ್ ಮತ್ತು ಷಿಂಡ್ಲರ್ ಎಂಬುವರು ವಿವಿಧ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಹಾಡುಗಳನ್ನು ಕೇಳಿಸಿ, ಜನರು ತಮ್ಮ ಇಪ್ಪತ್ತಮೂರು-ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಬಂದ ಹಾಡುಗಳನ್ನು ಅತಿಯಾಗಿ ಮೆಚ್ಚುವರೆಂದು 1989ರಲ್ಲಿ ವರದಿಮಾಡಿದರು. ಈಚಿನ ಪರೀಕ್ಷೆಗಳಲ್ಲಿ ಈ ಶಿಖರವು ಇನ್ನೂ ಹಿಂದಕ್ಕೆ, ಹದಿಹರೆಯದ ಕಡೆಗೆ, ಸರಿದಿದೆ.

ಹಾಡು ಕೇಳುವಾಗ ಮಿದುಳಿನಲ್ಲಿ ನಡೆಯುವುದೇನು? ಕ್ಯಾಲಿಫೋರ್ನಿಯದ ಪೀಟರ್ ಯಾನಾಟ ಎಂಬ ವಿಜ್ಞಾನಿಯು, ಕೆಲವರಿಗೆ ಅವರ ಎಂಟರಿಂದ ಹದಿನೆಂಟರವರೆಗಿನ ವಯಸ್ಸಿನಲ್ಲಿ ಜನಪ್ರಿಯವಾಗಿದ್ದ ಹಾಡುಗಳ ತುಣುಕುಗಳನ್ನು ಕೇಳಿಸಿ, ಮಿದುಳಿನ ಚಿತ್ರಗಳನ್ನು ತೆಗೆದನು. ಹಾಡು ಹಳೆಯ ನೆನಪನ್ನು ಕೆದಕಿದಾಗ ಹಣೆಯ ಹಿಂಬದಿಯ ನಡುಭಾಗವು ಚುರುಕಾದುದನ್ನು ಅವನು 2009ರಲ್ಲಿ ಪ್ರಕಟಿಸಿದನು. ‘ನಾನು’ ಎಂಬ ಅರಿವಿಗೆ ಸಂಬಂಧಿಸಿದ ಪ್ರದೇಶವಿದು. ಮರೆವಿನ ರೋಗವಾದ ಆಲ್ಜೈಮರ್‌ನಲ್ಲಿ ಈ ಭಾಗವು ಇತರ ಭಾಗಗಳಿಗಿಂತ ತಡವಾಗಿ ಕ್ಷಯಿಸುವುದು. ಮಕ್ಕಳ ಹೆಸರನ್ನೇ ಮರೆತ ರೋಗಿಯೂ ತಾರುಣ್ಯದ ಹಾಡಿಗೆ ದನಿಗೂಡಿಸುವುದು ಇದರಿಂದಲೇ ಇರಬಹುದು. ಇನ್ನು, ಮೈ ನವಿರೇಳಿಸುವ ಸಂಗೀತವನ್ನು ಕೇಳುವಾಗ ಮಿದುಳಿನಲ್ಲಿ ಡೋಪಮೀನ್ ಎಂಬ ರಾಸಾಯನಿಕವು ಸ್ರವಿಸುವುದನ್ನು ಮಾಂಟ್ರಿಯಲ್ ನಗರದ ಸಂಶೋಧಕರು 2011ರಲ್ಲಿ ತೋರಿಸಿದರು. ಮೆಚ್ಚಿನ ಘಟ್ಟ ಬಂದಾಗ ಮಾತ್ರವಲ್ಲ, “ಇನ್ನೇನು ಬಂದೀತು” ಎಂದು ಎದುರುನೋಡುವಾಗಲೂ ಅದು ಒಸರುವುದು. ಪರಿಚಿತವಾದ ಹಾಡಿನಲ್ಲಿ ತಾನೆ ಹಾಗೆ ಎದುರುನೋಡಲು ಸಾಧ್ಯ?

ನೆನಪಿನ ದಿಬ್ಬವು ಏಕೆ ಹುಟ್ಟುವುದೆಂಬ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆ ವಯಸ್ಸಿನಲ್ಲಿ ಮಿದುಳಿನ ಗ್ರಹಣಶಕ್ತಿ ಅತ್ಯುತ್ತಮವಾಗಿರುವುದೆಂದು ಕೆಲವರು ಹೇಳುವರು. ತಾನು ಯಾರೆಂಬುದು ಅಂದೇ ರೂಪುಗೊಳ್ಳುವುದೆಂಬುದು ಮತ್ತೆ ಕೆಲವರ ಮತ. ಮೊದಲ ಗೆಳೆತನ, ಮೊದಲ ಪ್ರೀತಿ, ಮೊದಲ ಬಾರಿಗೆ ಮನೆ ಬಿಟ್ಟುದು—ಇಂಥ ಹೊಸ ಅನುಭವಗಳ ಸಾಲೇ ಕಾರಣವೆಂಬುದು ಮೂರನೆಯ ವಾದ. ಇದಕ್ಕೊಂದು ಆಧಾರವೂ ಇದೆ. ಮೂವತ್ತೈದರ ವಯಸ್ಸಿನಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ವಲಸೆ ಬಂದವರಲ್ಲಿ ದಿಬ್ಬವು ಆ ವಲಸೆಯ ಕಾಲದ ಸಮೀಪದಲ್ಲಿಯೇ ಕಾಣಿಸಿಕೊಂಡಿತು. ಬಾಳು ಮಗ್ಗುಲು ಬದಲಿಸಿದಲ್ಲಿ ನೆನಪು ದಟ್ಟವಾಗುವುದು.

ಹಿಂದಿನದನ್ನು ನೆನೆದು ಕೊರಗುವುದನ್ನು ಯೂರೋಪಿನವರು ಮೊದಲು ರೋಗವೆಂದೇ ಎಣಿಸಿದ್ದರು. ‘ನಾಸ್ಟಾಲ್ಜಿಯ’ ಎಂಬ ಪದವನ್ನು 1688ರಲ್ಲಿ ಸೃಷ್ಟಿಸಿದವನು ಹೋಫರ್ ಎಂಬ ವೈದ್ಯವಿದ್ಯಾರ್ಥಿ. ಊರು ಬಿಟ್ಟವರ ಬೇನೆಗೆ ಅವನಿಟ್ಟ ಹೆಸರದು. ಜಪಾನೀಯರ ‘ನತ್ಸುಕಶೀ’ ಎಂಬ ಮಾತಿನಲ್ಲಿ ನೋವಿಗಿಂತ ನಲವೇ ಮಿಗಿಲು. ಒಗ್ಗಿಕೊಳ್ಳುವುದು, ಹತ್ತಿರವಾಗುವುದು ಎಂಬರ್ಥದ ಕ್ರಿಯಾಪದದಿಂದ ಅದು ಹುಟ್ಟಿದೆ. ಹಳೆಯ ಹಾಡು ಕೇಳಿಬಂದೊಡನೆ ಅವರ ಬಾಯಿಂದ ಹೊರಡುವ ಮೊದಲ ಮಾತು ಇದೇ.

“ನಮ್ಮ ಕಾಲದ ಹಾಡೇ ಹಾಡು, ಈಗಿನದು ಗದ್ದಲ” ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಅವರು ಸುಳ್ಳಾಡುತ್ತಿಲ್ಲ, ಆದರೆ ಅವರ ತೀರ್ಪಿನಲ್ಲಿ ಹಾಡಿನ ಗುಣದೊಂದಿಗೆ ಅವರದೇ ತಾರುಣ್ಯವೂ ಬೆರೆತಿದೆ. ಅಲ್ಲದೆ, ಆ ಕಾಲದ ಸಾಧಾರಣ ಹಾಡುಗಳೆಲ್ಲ ಮರೆತುಹೋಗಿ, ಒಳ್ಳೆಯವು ಮಾತ್ರ ಉಳಿದಿರುವುವು. ಹಾಗೆಂದು ಅವರ ಹಾಡನ್ನು ತಳ್ಳಿಹಾಕಬೇಕಾಗಿಲ್ಲ. ಇಪ್ಪತ್ತರ ವಯಸ್ಸಿನ ವಿದ್ಯಾರ್ಥಿಗಳು ತಮ್ಮ ತಂದೆತಾಯಿಗಳ ಯೌವನಕಾಲದ ಹಾಡುಗಳಿಗೂ ವಿಶೇಷವಾಗಿ ಮನಸೋಲುವರೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ಒಂದು ತಲೆಮಾರಿನ ಹಾಡು ಮನೆಯೊಳಗೇ ಮುಂದಿನ ತಲೆಮಾರಿಗೆ ಹರಿಯುವುದು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳು ಈಗ ಆ ದಿಬ್ಬವನ್ನು ಏರುತ್ತಿರುವವರು. ಇಂದು ನೀವು ಯಾವ ಹಾಡಿಗೆ ಕಿವಿಗೊಡುವಿರೋ, ಯಾರೊಡನೆ ದನಿಗೂಡಿಸುವಿರೋ, ಅದು ನಿಮ್ಮ ಮುಪ್ಪಿನವರೆಗೂ ಜೊತೆಗಿರುವ ಸಂಭವವುಂಟು. ಹೀಗಿರುವಲ್ಲಿ, ಆ ಹಾಡುಗಳನ್ನು ಕೊಂಚ ವಿವೇಚಿಸಿ ಆರಿಸಿಕೊಳ್ಳುವುದು ಲೇಸಲ್ಲವೆ?