ಹಳೆಯ ಜೀಪು ಮತ್ತು ಕಾರುಗಳ ಹೊಗೆ ತಗ್ಗಿಸುವಿಕೆ: ಸಾರ್ವಜನಿಕರಿಗೆ ಮಾಹಿತಿ

ಶಿರಾಡಿ ಘಾಟಿಯ ಮೇಲ್ಭಾಗದಲ್ಲಿರುವ ಹೆಗ್ಗದ್ದೆ ಹಾಗೂ ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ಬಳಕೆಯಲ್ಲಿವೆ. ಹಳೆಯದೆಂಬ ಒಂದೇ ಕಾರಣಕ್ಕೆ ರಾಜ್ಯದಲ್ಲಿ ಖಾಸಗಿ ವಾಹನದ ನೋಂದಣಿ ರದ್ದಾಗುವುದಿಲ್ಲ. ಆದರೆ ವಾಹನವು ಹೊಗೆ ತಪಾಸಣೆಯಲ್ಲಿ ಉತ್ತೀರ್ಣವಾಗಿರತಕ್ಕದ್ದು.

1. ನಿಗದಿತ ಮಿತಿಗಳು
ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರಂತೆ, ಭಾರತ್ ಸ್ಟೇಜ್-2ಕ್ಕೆ ಮೊದಲಿನ ಪೆಟ್ರೋಲ್ ನಾಲ್ಕು ಚಕ್ರದ ವಾಹನಗಳಿಗೆ:
- ಕಾರ್ಬನ್ ಮಾನಾಕ್ಸೈಡ್: ಶೇ. 3
- ಹೈಡ್ರೋಕಾರ್ಬನ್: 1,500 ಪಿಪಿಎಂ

ಹಳೆಯ ಡೀಸೆಲ್ ವಾಹನಗಳ ಹೊಗೆಯ ಸಾಂದ್ರತೆ 65 ಹಾರ್ಟ್ರಿಡ್ಜ್ ಮಾನ ಮೀರಬಾರದು. ಇಂತಹ ವಾಹನಗಳ ಪ್ರಮಾಣಪತ್ರದ ಅವಧಿ 6 ತಿಂಗಳು. ಮಿತಿ ಮೀರಿ ಹೊಗೆಯುಗುಳುವುದು ಮೋಟಾರು ವಾಹನ ಕಾಯ್ದೆಯ ಕಲಂ 190(2)ರ ಅಡಿ ದಂಡಾರ್ಹ.

2. ಮಲೆನಾಡಿನಲ್ಲಿ ಹೊಗೆ ಹೆಚ್ಚಲು ಕಾರಣ
ಸಕಲೇಶಪುರವು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದು, ಇಲ್ಲಿ ಗಾಳಿಯ ಸಾಂದ್ರತೆ ಕಡಿಮೆ. ಕರಾವಳಿಯಲ್ಲಿ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಗಾಳಿಯ ಪ್ರಮಾಣಕ್ಕಿಂತ ಹೆಚ್ಚು ಪೆಟ್ರೋಲ್ ಒದಗಿಸುತ್ತದೆ. ಅದು ಪೂರ್ಣವಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ಆದ್ದರಿಂದ ಕಾರ್ಬ್ಯುರೇಟರನ್ನು ಸ್ಥಳೀಯವಾಗಿಯೇ ಹೊಂದಿಸುವುದು ಸೂಕ್ತ.

3. ತಪಾಸಣೆಗೆ ಮುನ್ನ
- ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಚೋಕ್ ಪೂರ್ಣವಾಗಿ ತೆಗೆದಿರಬೇಕು.
- ಏರ್ ಫಿಲ್ಟರ್ ಹಾಗೂ ಸ್ಪಾರ್ಕ್ ಪ್ಲಗ್‌ಗಳನ್ನು ಸ್ವಚ್ಛಗೊಳಿಸಬೇಕು ಇಲ್ಲವೇ ಬದಲಿಸಬೇಕು.
- ಡೀಸೆಲ್ ವಾಹನದಲ್ಲಿ ಕಪ್ಪು ಹೊಗೆ ಬಂದಲ್ಲಿ ಇಂಜೆಕ್ಟರ್ ನಾಝಲ್ ಮತ್ತು ಪಂಪನ್ನು ಪರೀಕ್ಷಿಸಬೇಕು. ನೀಲಿ ಹೊಗೆಯು ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಇದಕ್ಕೆ ಟ್ಯೂನಿಂಗ್ ಸಾಲದು, ಎಂಜಿನ್ ದುರಸ್ತಿ ಅಗತ್ಯ.
- ಇಂಧನಕ್ಕೆ ಸೀಮೆಎಣ್ಣೆ ಬೆರೆಸಬಾರದು.
- ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲನೆಯಲ್ಲಿಡಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ, ಅದು ಪ್ರಾಣಾಪಾಯಕಾರಿ.

4. ನೋಂದಣಿ ನವೀಕರಣ
ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಬಳಿಕ ಪ್ರತಿ 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳತಕ್ಕದ್ದು. ನಮೂನೆ 25ರ ಅರ್ಜಿಯೊಂದಿಗೆ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕು. ಸಕಲೇಶಪುರದ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಯ ನೋಂದಣಿ ಸಂಕೇತ ಕೆಎ-46.

5. ವಿಂಟೇಜ್ ವಾಹನಗಳು
2021ರ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿ ಶುಲ್ಕ ರೂ. 20,000, ಅವಧಿ 10 ವರ್ಷ. ಇಂತಹ ವಾಹನಗಳನ್ನು ರಸ್ತೆಯಲ್ಲಿ ನಿತ್ಯ ಅಥವಾ ವಾಣಿಜ್ಯ ಬಳಕೆಗೆ ಉಪಯೋಗಿಸುವಂತಿಲ್ಲ. ಆದಕಾರಣ ದೈನಂದಿನ ಓಡಾಟಕ್ಕೆ ಜೀಪನ್ನು ಅವಲಂಬಿಸಿರುವ ಬೆಳೆಗಾರರು ವಿಂಟೇಜ್ ನೋಂದಣಿಯ ಬದಲು ಸಾಮಾನ್ಯ ನವೀಕರಣಕ್ಕೇ ಅರ್ಜಿ ಸಲ್ಲಿಸುವುದು ಸೂಕ್ತ.