ಪ್ರವಾಸಿಯ ಚಿತ್ರಸಂಪತ್ತು

1915ನೆಯ ಇಸವಿಯ ನವೆಂಬರ್ ತಿಂಗಳು. ದಕ್ಷಿಣ ಧ್ರುವಪ್ರದೇಶದ ವೆಡೆಲ್ ಸಮುದ್ರದಲ್ಲಿ ‘ಎಂಡ್ಯೂರೆನ್ಸ್’ ಎಂಬ ಹಡಗು ಹಿಮಗಡ್ಡೆಗಳ ನಡುವೆ ಸಿಲುಕಿ ಜಜ್ಜಿಹೋಗಿತ್ತು. ಅದರಲ್ಲಿದ್ದ 28 ಮಂದಿ ತೇಲುವ ಹಿಮದ ಹಾಸಿನ ಮೇಲೆ ಗುಡಾರ ಹೂಡಿದ್ದರು. ತಂಡದ ಛಾಯಾಗ್ರಾಹಕನಾದ ಫ್ರಾಂಕ್ ಹರ್ಲಿ, ಭಗ್ನವಾದ ಹಡಗಿನೊಳಕ್ಕೆ ಇಳಿದು, ಕೊರೆಯುವ ಮಂಜುನೀರಿನಲ್ಲಿ ಮುಳುಗಿ, ತಾನು ತೆಗೆದಿದ್ದ ಚಿತ್ರಗಳ ಗಾಜಿನ ಫಲಕಗಳನ್ನು ಮೇಲಕ್ಕೆ ತಂದನು. ಆದರೆ ಅಷ್ಟು ಭಾರವನ್ನು ಹೊತ್ತು ಮುಂದೆ ಸಾಗುವುದು ಸಾಧ್ಯವಿರಲಿಲ್ಲ. ನಾಯಕನಾದ ಶ್ಯಾಕಲ್ಟನ್ನನೊಡನೆ ಕುಳಿತು ಅವನು ಸುಮಾರು 120 ಫಲಕಗಳನ್ನು ಆರಿಸಿಕೊಂಡನು. ಉಳಿದ ಸುಮಾರು 400 ಫಲಕಗಳನ್ನು, ಮನಸ್ಸು ಮತ್ತೆ ಅವುಗಳ ಕಡೆಗೆ ಎಳೆಯಬಾರದೆಂದು, ಅಲ್ಲಿಯೇ ಒಡೆದುಹಾಕಿದನು. ಆರಿಸಿ ಉಳಿಸಿದ ಫಲಕಗಳಿಂದಾಗಿಯೇ ಆ ಸಾಹಸಯಾತ್ರೆಯನ್ನು ಜಗತ್ತು ಇಂದಿಗೂ ಕಣ್ಣಾರೆ ಕಾಣುತ್ತಿದೆ.

ಇಂದಿನ ಪ್ರವಾಸಿಗೆ ಇಂತಹ ಸಂಕಟವಿಲ್ಲ. ಅವನ ಕ್ಯಾಮೆರಾದಲ್ಲಿರುವ ಮೆಮೊರಿ ಕಾರ್ಡು 32 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲದ ಒಂದು ಪುಟ್ಟ ಬಿಲ್ಲೆ. ಅದರ ತೂಕ ಸುಮಾರು 2 ಗ್ರಾಂ. ಸಾವಿರಾರು ಚಿತ್ರಗಳು ಅದರಲ್ಲಿ ಅಡಗಿರುತ್ತವೆ. ಭಾರವು ನೀಗಿತು, ನಿಜ. ಆದರೆ ಅಪಾಯವು ನೀಗಲಿಲ್ಲ. ಇಡೀ ಪ್ರವಾಸದ ಚಿತ್ರಗಳೆಲ್ಲ ಒಂದೇ ಬಿಲ್ಲೆಯಲ್ಲಿರುವಾಗ, ಆ ಬಿಲ್ಲೆ ಕಳೆದುಹೋದರೆ ಅಥವಾ ಕೆಟ್ಟುಹೋದರೆ ಉಳಿಯುವುದೇನು? ಆದುದರಿಂದಲೇ ದಾರಿಯಲ್ಲಿರುವಾಗಲೇ ಚಿತ್ರಗಳನ್ನು ಇನ್ನೊಂದು ಸಾಧನಕ್ಕೆ ಇಳಿಸಿಕೊಳ್ಳುವ ಕ್ರಮವನ್ನು ಅರಿಯಬೇಕಾಗಿದೆ.

ಅದಕ್ಕೆ ಮೊದಲು, ಚಿತ್ರವು ಕಾರ್ಡನ್ನು ಸೇರುವ ಬಗೆಯನ್ನು ತಿಳಿಯೋಣ. ಮಸೂರದ ಮೂಲಕ ಒಳಬಂದ ಬೆಳಕು ಸಂವೇದಕವೆಂಬ ಫಲಕದ ಮೇಲೆ ಬೀಳುತ್ತದೆ. ಅದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮ ಕೋಶಗಳಿರುತ್ತವೆ. ಪ್ರತಿಯೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕಿಗೆ ತಕ್ಕಷ್ಟು ವಿದ್ಯುದಂಶವನ್ನು ಹೊಂದುತ್ತದೆ. ಅದನ್ನು ಅಳೆದು ಅಂಕಿಗಳಾಗಿ ಮಾರ್ಪಡಿಸಿ ಕಾರ್ಡಿನಲ್ಲಿ ದಾಖಲಿಸಲಾಗುತ್ತದೆ. 1975ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ರಚಿಸಿದ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲಿ ಇದ್ದುದು 10,000 ಬಿಂದುಗಳು ಮಾತ್ರ. ಒಂದು ಚಿತ್ರವು ಕ್ಯಾಸೆಟ್ಟಿನ ಮೇಲೆ ದಾಖಲಾಗಲು 23 ಸೆಕೆಂಡುಗಳು ಬೇಕಾಗುತ್ತಿದ್ದವು. ಇಂದು ಅದೇ ಕೆಲಸವು ಕ್ಷಣಾರ್ಧದಲ್ಲಿ ಮುಗಿಯುತ್ತದೆ.

ಚಿತ್ರವು ಅಂಕಿಗಳ ರೂಪದಲ್ಲಿರುವುದರಿಂದ ಒಂದು ದೊಡ್ಡ ಪ್ರಯೋಜನವುಂಟು. ಅಂಕಿಗಳನ್ನು ತಪ್ಪಿಲ್ಲದೆ ನಕಲು ಮಾಡಿದರೆ, ನಕಲಿಗೂ ಮೂಲಕ್ಕೂ ಯಾವ ವ್ಯತ್ಯಾಸವೂ ಇರುವುದಿಲ್ಲ. ಹರ್ಲಿಗೆ ದೊರೆಯದಿದ್ದ ಈ ಸೌಲಭ್ಯವು ಇಂದು ಎಲ್ಲರಿಗೂ ದೊರೆತಿದೆ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕಾರ್ಡುಗಳಲ್ಲಿ ಸ್ಥಳ ಕಡಿಮೆಯಿತ್ತು, ಬೆಲೆಯೂ ಹೆಚ್ಚಾಗಿತ್ತು. ಕಾರ್ಡು ತುಂಬಿದಾಗ ಚಿತ್ರಗಳನ್ನು ಇಳಿಸಿಕೊಳ್ಳಲೆಂದೇ ಚಿಕ್ಕ ಹಾರ್ಡ್ ಡಿಸ್ಕನ್ನು ಒಳಗೊಂಡ, ಕೈಯಲ್ಲಿ ಹಿಡಿಯಬಹುದಾದ ಯಂತ್ರಗಳು ಮಾರುಕಟ್ಟೆಗೆ ಬಂದವು. 2005ರಲ್ಲಿ ಹಾಡು ಕೇಳುವ ಐಪಾಡಿಗೂ ಕ್ಯಾಮೆರಾವನ್ನು ಜೋಡಿಸುವ ಉಪಕರಣವೊಂದು ಬಂದಿತು. ಈಗ ಈ ಕೆಲಸವನ್ನು ಮೊಬೈಲ್ ಫೋನು, ಟ್ಯಾಬ್ಲೆಟ್ಟುಗಳೇ ಮಾಡಬಲ್ಲವು.

ಇಳಿಸಿಕೊಳ್ಳುವ ದಾರಿಗಳು ಮುಖ್ಯವಾಗಿ ಮೂರು. ಕ್ಯಾಮೆರಾವನ್ನೂ ಫೋನನ್ನೂ ತಂತಿಯಿಂದ ಜೋಡಿಸುವುದು ಮೊದಲನೆಯದು. ಇದರಲ್ಲಿ ಕ್ಯಾಮೆರಾದ ಬ್ಯಾಟರಿ ಖರ್ಚಾಗುತ್ತದೆ. ಕಾರ್ಡನ್ನು ಹೊರತೆಗೆದು ಕಾರ್ಡ್ ರೀಡರ್ ಎಂಬ ಚಿಕ್ಕ ಸಾಧನದಲ್ಲಿಟ್ಟು ಫೋನಿಗೆ ಸೇರಿಸುವುದು ಎರಡನೆಯದು. ಕ್ಯಾಮೆರಾದ ಬ್ಯಾಟರಿಗೆ ಇಲ್ಲಿ ಕೆಲಸವೇ ಇಲ್ಲ. ತಂತಿಯಿಲ್ಲದೆ ವೈಫೈ ಮೂಲಕ ಕಳುಹಿಸುವುದು ಮೂರನೆಯದು. ಇದು ಸುಲಭವೆಂದು ತೋರಿದರೂ ಸಾಮಾನ್ಯವಾಗಿ ನಿಧಾನ. ಅಲ್ಲದೆ ಕೆಲವು ಕ್ಯಾಮೆರಾಗಳು ಹೀಗೆ ಕಳುಹಿಸುವಾಗ ಚಿತ್ರದ ಗಾತ್ರವನ್ನು ಕುಗ್ಗಿಸುತ್ತವೆ. ಕುಗ್ಗಿದ ಚಿತ್ರವು ಮೂಲಕ್ಕೆ ಸಮನಾಗಲಾರದು.

ಇಲ್ಲಿ ಸ್ವಲ್ಪ ಲೆಕ್ಕವೂ ಅವಶ್ಯಕ. ಒಂದು ಚಿತ್ರಕ್ಕೆ 10 ಮೆಗಾಬೈಟ್ ಎಂದಿಟ್ಟುಕೊಂಡರೆ, 32 ಗಿಗಾಬೈಟಿನ ಕಾರ್ಡಿನಲ್ಲಿ ಸುಮಾರು 3,200 ಚಿತ್ರಗಳು ಹಿಡಿಯುತ್ತವೆ. ಸೆಕೆಂಡಿಗೆ 30 ಮೆಗಾಬೈಟಿನ ವೇಗದಲ್ಲಿ ಅವೆಲ್ಲವನ್ನೂ ಇಳಿಸಲು ಸುಮಾರು 18 ನಿಮಿಷಗಳು ಬೇಕು. ಬಸ್ಸು ಹೊರಡುವ ಹೊತ್ತಿನಲ್ಲಿ ಅವಸರದಿಂದ ಮಾಡುವ ಕೆಲಸವಿದಲ್ಲ. ಪ್ರತಿದಿನ ರಾತ್ರಿ, ತಂಗಿದ ಸ್ಥಳದಲ್ಲಿ, ಆ ದಿನದ ಚಿತ್ರಗಳನ್ನಷ್ಟೇ ಇಳಿಸಿಕೊಳ್ಳುವುದು ಲೇಸು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಇಳಿಸಿಕೊಂಡ ಕೂಡಲೇ ಕಾರ್ಡಿನಲ್ಲಿರುವ ಚಿತ್ರಗಳನ್ನು ಅಳಿಸಿಬಿಟ್ಟರೆ, ಚಿತ್ರವು ಮತ್ತೆ ಒಂದೇ ಕಡೆಯಲ್ಲಿ ಉಳಿಯಿತಷ್ಟೆ. ಸ್ಥಳ ಬದಲಾಯಿತೇ ಹೊರತು ರಕ್ಷಣೆ ಹೆಚ್ಚಲಿಲ್ಲ. ಮೊದಲು ನಕಲು ಮಾಡಬೇಕು. ಅನಂತರ ಚಿತ್ರಗಳ ಸಂಖ್ಯೆಯನ್ನು ತಾಳೆ ನೋಡಬೇಕು. ಅಲ್ಲೊಂದು ಇಲ್ಲೊಂದು ಚಿತ್ರವನ್ನು ತೆರೆದು ಪೂರ್ಣವಾಗಿ ಕಾಣುವುದೇ ಎಂದು ಪರೀಕ್ಷಿಸಬೇಕು. ಎರಡನೆಯ ನಕಲು ದೊರೆಯುವವರೆಗೆ ಕಾರ್ಡನ್ನು ಅಳಿಸಬಾರದು. ಕಾರ್ಡು, ಫೋನು ಎರಡನ್ನೂ ಒಂದೇ ಚೀಲದಲ್ಲಿಡಬಾರದು. ಆ ಚೀಲವೇ ಕಳೆದುಹೋದರೆ ಎರಡು ನಕಲುಗಳಿದ್ದೂ ಪ್ರಯೋಜನವಿಲ್ಲ.

ಕೈತಪ್ಪಿ ಚಿತ್ರಗಳನ್ನು ಅಳಿಸಿದವರು ಕೂಡಲೇ ನಿರಾಶರಾಗಬೇಕಾಗಿಲ್ಲ. ಗ್ರಂಥಾಲಯದ ಸೂಚಿಯಿಂದ ಪುಸ್ತಕದ ಹೆಸರನ್ನು ಹೊಡೆದುಹಾಕಿದರೂ ಪುಸ್ತಕವು ಕಪಾಟಿನಲ್ಲಿಯೇ ಇರುತ್ತದಲ್ಲವೆ? ಕಾರ್ಡಿನಲ್ಲಿಯೂ ಸಾಮಾನ್ಯವಾಗಿ ಮೊದಲು ಅಳಿಯುವುದು ಹೆಸರು ಮಾತ್ರ. ಆದರೆ ಅದರ ಸ್ಥಳದಲ್ಲಿ ಹೊಸ ಚಿತ್ರವು ಬಂದು ಕುಳಿತರೆ ಹಳೆಯದು ಶಾಶ್ವತವಾಗಿ ಹೋಗುತ್ತದೆ. ಆದುದರಿಂದ ಆ ಕಾರ್ಡಿನಲ್ಲಿ ಮತ್ತೆ ಚಿತ್ರ ತೆಗೆಯದೆ ಹಾಗೆಯೇ ಎತ್ತಿಟ್ಟರೆ, ಊರಿಗೆ ಮರಳಿದ ಮೇಲೆ ಬಲ್ಲವರಿಂದ ಬಹುಮಟ್ಟಿಗೆ ಅವುಗಳನ್ನು ಮರಳಿ ಪಡೆಯಬಹುದು.

ಹರ್ಲಿಯು ತನ್ನ ಫಲಕಗಳನ್ನು ಒಡೆದದ್ದು ಬೇರೆ ದಾರಿಯಿಲ್ಲದೆ. ಇಂದಿನ ಪ್ರವಾಸಿಯು ತನ್ನ ಚಿತ್ರಗಳನ್ನು ಕಳೆದುಕೊಳ್ಳುವುದು ಬಹುತೇಕ ಅಲಕ್ಷ್ಯದಿಂದ. ದಿನದ ಕೊನೆಯಲ್ಲಿ ಕೆಲವು ನಿಮಿಷಗಳ ತಾಳ್ಮೆಯೊಂದಿದ್ದರೆ, ಅವನು ಕಂಡ ಬೆಟ್ಟಗಳೂ ಗುಡಿಗಳೂ ಜೊತೆಗಿದ್ದವರ ನಗುಮುಖಗಳೂ ಅವನೊಡನೆ ಸುರಕ್ಷಿತವಾಗಿ ಮನೆಗೆ ಬರುತ್ತವೆ.