ಇ.ಎಸ್.ಐ. ದಂತ ಚಿಕಿತ್ಸೆ: ವೆಚ್ಚ ತಗ್ಗಿಸುವ ಕೆಲಸದ ಹಂಚಿಕೆ

ರಾಜಾಜಿನಗರ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಕೆಂಗೇರಿಯಾಚೆಯ ಕುಂಬಳಗೋಡು ಮುಂತಾದೆಡೆ ಸಣ್ಣ ಘಟಕಗಳನ್ನು ನಡೆಸುವ ಉದ್ದಿಮೆದಾರರಿಗೆ ಇ.ಎಸ್.ಐ. ವಂತಿಗೆಯು ಪ್ರತಿ ತಿಂಗಳ ಖರ್ಚು. 2019ರ ಜುಲೈ 1ರಿಂದ ಜಾರಿಗೆ ಬಂದ ದರದಂತೆ ಮಾಲೀಕರ ಪಾಲು ವೇತನದ ಶೇ. 3.25, ಕಾರ್ಮಿಕರ ಪಾಲು ಶೇ. 0.75. ಮಾಸಿಕ 20,000 ರೂ. ವೇತನದ ಕಾರ್ಮಿಕನ ಹೆಸರಿನಲ್ಲಿ 650 ಮತ್ತು 150 ಸೇರಿ 800 ರೂ., ಅಂದರೆ ವರ್ಷಕ್ಕೆ 9,600 ರೂ. ಸಂದಾಯವಾಗುತ್ತದೆ. ಈ ಹಣಕ್ಕೆ ಪ್ರತಿಯಾಗಿ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿ ದೊರೆಯುವ ಸೇವೆಗಳಲ್ಲಿ ದಂತ ಚಿಕಿತ್ಸೆಯೂ ಒಂದು.

ಹಲ್ಲುನೋವು ಅಲ್ಪ ವಿಷಯವೆಂದು ತೋರಬಹುದು. ಆದರೆ ಲೇತ್ ನಡೆಸುವ ನುರಿತ ಕೆಲಸಗಾರನು ಅರ್ಧ ದಿನ ರಜೆ ಹಾಕಿದರೆ ಯಂತ್ರವೂ ಅಷ್ಟು ಹೊತ್ತು ನಿಲ್ಲುತ್ತದೆ. ಹುಳುಕು ಆರಂಭದಲ್ಲಿದ್ದಾಗ ಒಂದೇ ಭೇಟಿಯಲ್ಲಿ ತುಂಬಬಹುದಾದ ಹಲ್ಲಿಗೆ, ಸೋಂಕು ನರಕ್ಕಿಳಿದ ಬಳಿಕ ರೂಟ್ ಕೆನಾಲ್ ಚಿಕಿತ್ಸೆಯೇ ಬೇಕಾಗಬಹುದು. ಇಲ್ಲವೇ ಹಲ್ಲನ್ನು ಕೀಳಬೇಕಾಗಬಹುದು. ಸರದಿ ಉದ್ದವಾದಷ್ಟೂ ಆಸ್ಪತ್ರೆಗೂ ಕಾರ್ಖಾನೆಗೂ ವೆಚ್ಚ ಹೆಚ್ಚು.

ಯಾರ ಕೆಲಸ ಯಾರಿಗೆ?

ದಂತ ವಿಭಾಗದಲ್ಲಿ ಬೆಲೆಯುಳ್ಳದ್ದು ವೈದ್ಯರ ಸಮಯ. ಹಲ್ಲಿನ ಪಾಚಿ ತೆಗೆಯುವ ಸ್ಕೇಲಿಂಗ್, ಉಪಕರಣಗಳ ಶುದ್ಧೀಕರಣ, ದಾಖಲೆ ಬರೆಯುವಿಕೆ ಇವೆಲ್ಲವನ್ನೂ ವೈದ್ಯರೇ ಮಾಡಿದರೆ, ಟೂಲ್ ರೂಮಿನ ಕುಶಲಕರ್ಮಿಯಿಂದ ಲೋಹದ ಚೂರು ಗುಡಿಸಿಸಿದಂತಾಗುತ್ತದೆ. ಇ.ಎಸ್.ಐ. ಕಾಯ್ದೆ ಬಂದ 1948ರಲ್ಲಿಯೇ ಬಂದ ದಂತವೈದ್ಯರ ಕಾಯ್ದೆಯು ವೈದ್ಯರ ಜೊತೆಗೆ ಡೆಂಟಲ್ ಹೈಜೀನಿಸ್ಟ್ ಹಾಗೂ ಡೆಂಟಲ್ ಮೆಕ್ಯಾನಿಕ್‌ಗಳ ನೋಂದಣಿಗೂ ಅವಕಾಶ ಕಲ್ಪಿಸಿತು. ಹಲ್ಲು ಶುಚಿಗೊಳಿಸಿ ಆರೈಕೆಯ ಕ್ರಮ ತಿಳಿಸುವುದು ಮೊದಲನೆಯವರ ಕೆಲಸ. ಕೃತಕ ಹಲ್ಲುಗಳ ತಯಾರಿಕೆ ಎರಡನೆಯವರದು. ನ್ಯೂಜಿಲೆಂಡ್ ದೇಶವು 1921ರಲ್ಲಿಯೇ ಶಾಲಾ ದಂತ ದಾದಿಯರಿಗೆ ತರಬೇತಿ ಆರಂಭಿಸಿ, ಮಕ್ಕಳ ಹಲ್ಲು ತುಂಬುವಂತಹ ಸರಳ ಚಿಕಿತ್ಸೆಯನ್ನು ಅವರಿಗೆ ವಹಿಸಿತು.

ಆಸನಗಳ ಬಳಕೆಯಲ್ಲಿಯೂ ಉಳಿತಾಯ ಸಾಧ್ಯ. ಒಬ್ಬ ವೈದ್ಯರಿಗೆ ಎರಡು ಆಸನ, ಇಬ್ಬರು ಸಹಾಯಕರಿದ್ದಲ್ಲಿ, ಒಂದರಲ್ಲಿ ಅರಿವಳಿಕೆ ಹಿಡಿಯುವಷ್ಟರಲ್ಲಿ ಮತ್ತೊಂದರಲ್ಲಿ ಚಿಕಿತ್ಸೆ ನಡೆಯುತ್ತದೆ. ಒಂದು ಯಂತ್ರಕ್ಕೆ ಬಿಡಿಭಾಗ ಜೋಡಿಸುವಾಗ ಇನ್ನೊಂದನ್ನು ಓಡಿಸುವ ಉದ್ದಿಮೆದಾರರಿಗೆ ಈ ಲೆಕ್ಕ ಹೊಸದಲ್ಲ.

ಮಿತಿಯೂ ಉಂಟು. ರೋಗನಿರ್ಣಯ ಮತ್ತು ಶಸ್ತ್ರಚಿಕಿತ್ಸೆ ವೈದ್ಯರಲ್ಲಿಯೇ ಉಳಿಯಬೇಕು. ಶುದ್ಧೀಕರಣದಲ್ಲಿ ಮಾಡುವ ಉಳಿತಾಯವು ಸೋಂಕಿನ ರೂಪದಲ್ಲಿ ನಷ್ಟವಾಗಿ ಮರಳುತ್ತದೆ.

ಇ.ಎಸ್.ಐ. ನಿಗಮದಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ಪ್ರಾತಿನಿಧ್ಯವಿದೆ. ವಿಜಯನಗರದಲ್ಲಿರುವ ಕಾಸಿಯಾದಂತಹ ಸಂಸ್ಥೆಗಳು ವಂತಿಗೆಯ ದರದ ಜೊತೆಗೆ ಮೂರು ಅಂಕಿಗಳನ್ನೂ ಕೇಳುವುದು ಉಚಿತ: ಪ್ರತಿ ಆಸನದಲ್ಲಿ ದಿನಕ್ಕೆ ಚಿಕಿತ್ಸೆ ಪಡೆದವರೆಷ್ಟು, ನೋಂದಣಿಯಿಂದ ಚಿಕಿತ್ಸೆಯವರೆಗೆ ಕಾಯುವ ದಿನಗಳೆಷ್ಟು, ವೈದ್ಯರ ಸಮಯದಲ್ಲಿ ಚಿಕಿತ್ಸೆಗೆ ಸಲ್ಲುವ ಪಾಲೆಷ್ಟು. ಈ ಅಂಕಿಗಳು ಕೈಯಲ್ಲಿದ್ದರೆ, ತೆತ್ತ ಹಣಕ್ಕೆ ದೊರೆತ ಸೇವೆ ಎಷ್ಟೆಂಬುದನ್ನು ಅಳೆಯಬಹುದು.